ಹರಿವಾಣದ ಸ್ಟೇಷನ್ನು

ಎದುರಿಗೆ ಬಂದು ನಿಂತ ಮನುಷ್ಯನ ಹತ್ತಿರ ಮಾತಾಡುವುದೆಂದರೆ ನನಗೆ ಮೊದಲಿನಿಂದಲೂ ಪ್ರಾಣಸಂಕಟ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು ಹೀಗೆ ಹೇಳಿದರೆ ನಿಮಗೆ ನಗು ಬರಬಹುದು. ಆದರೆ ಕ್ಲಾಸಿನಲ್ಲಿ ಆಡುವುದನ್ನು ಮಾತು ಎಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ನಾನು ಹೇಳುತ್ತಿರುತ್ತೇನೆ, ಹುಡುಗರು ಕಿಟಕಿಯಾಚೆ ನೋಡುತ್ತಿರುತ್ತಾರೆ, ಬೆಲ್ಲು ಹೊಡೆಯುತ್ತದೆ, ಇಬ್ಬರಿಗೂ ನೆಮ್ಮದಿ. ಕಷ್ಟವೆಲ್ಲ ಬೀದಿಯಲ್ಲಿ. ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಚೊಂಬು ಹಿಡಿದು ಹಾಲಿಗೆ ಹೊರಟರೆ ಸಾಕು, ಎಲ್ಲಿಗೆ ಹೊರಟಿದ್ದು, ಇವತ್ತು ದೊಡ್ಡ ಚೊಂಬು ಯಾಕೆ, ಮನೆಗೆ ಯಾರಾದರೂ ಬಂದಿದ್ದಾರಾ, ಬಂದವರು ಉಳಿಯುತ್ತಾರಾ ಹೋಗುತ್ತಾರಾ ಎಂದು ಪ್ರತಿ ಜಗಲಿಯಿಂದಲೂ ವಿಚಾರಣೆ. ಪಾಪ, ಪ್ರೀತಿಯಿಂದಲೇ ಕೇಳುತ್ತಾರೆ. ನಾನು ಮಾತ್ರ ಕೋರ್ಟಿನಲ್ಲಿ ನಿಂತವನ ಹಾಗೆ ಬೆವರುತ್ತೇನೆ, ಹಾಲಿನವಳ ಮನೆ ದಾಟಿ ಮುಂದೆ ಹೋಗಿಬಿಡುತ್ತೇನೆ.

ಅದಕ್ಕೇ ಇರಬೇಕು, ನನಗೆ ದೂರದವರ ಮೇಲೆ ವಿಪರೀತ ಪ್ರೀತಿ. ಎಷ್ಟು ದೂರವೋ ಅಷ್ಟು ಪ್ರೀತಿ. ಈ ಪ್ರೀತಿಗೆ ತಕ್ಕ ಒಂದು ಹವ್ಯಾಸವೂ ಲೋಕದಲ್ಲಿದೆ, ಅದಕ್ಕೆ ಹ್ಯಾಮ್ ರೇಡಿಯೋ ಅನ್ನುತ್ತಾರೆ. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ತೆಗೆದುಕೊಂಡು, ಮನೆಯಲ್ಲೇ ಒಂದು ಪುಟ್ಟ ರೇಡಿಯೋ ಸ್ಟೇಷನ್ನು ಹೂಡಿ, ಲೋಕದ ಇನ್ಯಾವುದೋ ಮೂಲೆಯಲ್ಲಿ ಹಾಗೆಯೇ ಕೂತಿರುವ ಇನ್ನೊಬ್ಬನ ಜೊತೆ ಗಾಳಿಯಲ್ಲಿ ಮಾತಾಡುವುದು. ಮಾತೆಂದರೆ ಎಷ್ಟು ಚೊಕ್ಕ ಮಾತು ಅಂತೀರಿ! ನಿನ್ನ ಧ್ವನಿ ಇಷ್ಟು ಚೆನ್ನಾಗಿ ಕೇಳುತ್ತಿದೆ, ನನ್ನ ಹೆಸರು ಇದು, ನಮ್ಮೂರಲ್ಲಿ ಬಿಸಿಲು, ನಮಸ್ಕಾರ. ಅಷ್ಟೇ. ಮನೆಗೆ ಯಾರು ಬಂದಿದ್ದಾರೆ ಅಂತ ಯಾವ ಜಪಾನಿನವನೂ ಕೇಳುವುದಿಲ್ಲ. ನಮ್ಮೂರು ಸಾಸಲಿನಲ್ಲಿದ್ದಾಗ ನಾನು ಹುಣಿಸೆಮರಕ್ಕೆ ತಂತಿ ಕಟ್ಟಿ ಇಂಥ ಚೊಕ್ಕ ಮಾತುಗಳನ್ನು ಬೇಕಾದಷ್ಟು ಆಡಿದ್ದೆ. ಆಮೇಲೆ ಸೋದರಮಾವನ ಮಗಳು ಸರೋಜಳನ್ನು ಮದುವೆಯಾದೆ. ಸ್ಕೂಲಿಗೆ ಹತ್ತಿರವಾಗುತ್ತದೆಂದು ದೊಡ್ಡಬಳ್ಳಾಪುರದಲ್ಲಿ ಮಾವನ ಮನೆಯ ಮಹಡಿಗೆ ಬಂದು ಸೇರಿಕೊಂಡೆ. ಅಲ್ಲಿಗೆ ನನ್ನ ಜಪಾನು, ರಷ್ಯಾ ಎಲ್ಲ ಮುಗಿಯಿತು.

ಯಾಕೆಂದರೆ ಮಹಡಿಯ ಕೆಳಗೆ ಮಾವನ ಪವರ್‌ಲೂಮ್ ಮಗ್ಗಗಳು. ಎದುರು ಮನೆಯಲ್ಲಿ ಚೌಡಪ್ಪನವರ ಮಗ್ಗಗಳು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮಗ್ಗ. ಲಟಕ್ ಪಟಕ್ ಎನ್ನುವ ಆ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ, ಅದಿಲ್ಲದಿದ್ದರೆ ನಿದ್ದೆ ಬರುವುದಿಲ್ಲ ಎನ್ನುವವರೂ ಇದ್ದಾರೆ. ಆದರೆ ಕಿವಿಗೆ ಕೇಳದ ಇನ್ನೊಂದು ಗದ್ದಲವಿದೆ. ಮಗ್ಗದ ಪ್ರತಿಯೊಂದು ಮೋಟರು, ಪ್ರತಿಯೊಂದು ಸ್ವಿಚ್ಚು ಕಿಡಿ ಹಾರಿಸುತ್ತಿರುತ್ತದೆ, ಆ ಕಿಡಿಯೆಲ್ಲ ಗಾಳಿಯಲ್ಲಿ ಬಂದು ನನ್ನ ರೇಡಿಯೋದೊಳಗೆ ಗರ್ರೋ ಎಂದು ಕೂರುತ್ತದೆ. ಆ ಗರ್ರಿನಲ್ಲಿ ಜಪಾನಿನವನ ಪಿಸುಮಾತು ಎಲ್ಲಿ ಕೇಳಬೇಕು? ಕೇಳುತ್ತಿದ್ದವನು ಒಬ್ಬನೇ, ಹೊಸಕೋಟೆಯ ರಾಜಣ್ಣ. ಅವನೂ ಹ್ಯಾಮು, ತರಕಾರಿ ಮಂಡಿ ಇಟ್ಟಿದ್ದವನು. ಟೊಮೇಟೊ ಹರಾಜು ಕೂಗಿ ಕೂಗಿ ಪಳಗಿದ ಗಂಟಲು, ರೇಡಿಯೋ ಆಫ್ ಮಾಡಿದರೂ ಕೇಳಿಸೀತೆಂದು ನನಗೆ ಅನುಮಾನ. ನಾನು ದಿನಾ ಸಂಜೆ ಬೆವರು ಸುರಿಸಿಕೊಂಡು ರಾಜಣ್ಣನನ್ನು ಹಿಡಿಯುವುದನ್ನು ಮಾವ ಬಾಗಿಲಲ್ಲಿ ನಿಂತು ನೋಡಿ, ಹೊಸಕೋಟೆಗೆ ಈಗ ಬೇಕಾದಷ್ಟು ಬಸ್ಸಿದೆಯಲ್ಲಪ್ಪಾ ಎಂದು ಹೇಳಿ ಇಳಿದುಹೋಗುತ್ತಿದ್ದರು.

ಹಾಗಾದರೆ ಕರೆಂಟು ಹೋದಾಗ ಮಾತಾಡಬಹುದಲ್ಲ, ಮಗ್ಗಗಳೆಲ್ಲ ನಿಂತಿರುತ್ತವಲ್ಲ ಎಂದು ನೀವು ಕೇಳಬಹುದು. ಒಳ್ಳೇ ಪ್ರಶ್ನೆ. ನನ್ನ ಕ್ಲಾಸಿನಲ್ಲಿದ್ದಿದ್ದರೆ ನಿಮ್ಮನ್ನು ಮುಂದಿನ ಬೆಂಚಿಗೆ ಕೂರಿಸುತ್ತಿದ್ದೆ. ತೊಂದರೆ ಏನೆಂದರೆ, ನನ್ನದು ವಾಲ್ವುಗಳ ಹಳೇ ಸೆಟ್ಟು, ಗೂಡ್ಸ್ ಆಟೋಗೆ ಏರಿಸಬೇಕಾದಷ್ಟು ತೂಕ, ಬ್ಯಾಟರಿಗೀಟರಿಗೆಲ್ಲ ಜಗ್ಗುವ ಜಾತಿಯಲ್ಲ. ಕರೆಂಟಿದ್ದರೆ ಮಗ್ಗದ ಗದ್ದಲ. ಕರೆಂಟು ಹೋದರೆ ಗಾಳಿಯೆಲ್ಲ ನಿಶ್ಶಬ್ದ, ಜೊತೆಗೆ ನನ್ನ ಸೆಟ್ಟೂ ನಿಶ್ಶಬ್ದ. ಹಬ್ಬದ ದಿನ ಕರೆಂಟೂ ಇರುತ್ತದೆ, ಮಗ್ಗವೂ ನಿಂತಿರುತ್ತದೆ ನಿಜ. ಆದರೆ ಹಬ್ಬದ ದಿನ ಬಾಳೆಲೆ ತರುವುದಕ್ಕೂ ಮಾವಿನಸೊಪ್ಪು ಕಟ್ಟುವುದಕ್ಕೂ ಆ ಮನೆಯಲ್ಲಿ ನನ್ನನ್ನು ಬಿಟ್ಟು ಇನ್ಯಾರೂ ಇರುತ್ತಿರಲಿಲ್ಲ.

ಹೀಗೆ ದಿನ ತಳ್ಳುತ್ತಿರುವಾಗ ಮಾವನಿಗೆ ನನ್ನ ರೇಡಿಯೋ ಕೋಣೆಯ ಮೇಲೆ ಕಣ್ಣು ಬಿತ್ತು. ಸೀರೆ ನೇಯುವ ಮೊದಲು ನೂಲಿನ ಎಳೆಗಳನ್ನೆಲ್ಲ ಉದ್ದಕ್ಕೆ ಜೋಡಿಸಿ ಸುತ್ತುವ ದೊಡ್ಡ ಚಕ್ರವೊಂದಿರುತ್ತದೆ, ವಾರ್ಪಿನ ಚಕ್ರ ಅಂತಾರೆ. ಅದನ್ನು ಹೊರಗೆ ಯಾರದೋ ಮನೆಯಲ್ಲಿ ಮಾಡಿಸುವ ಬದಲು ನಮ್ಮ ಮಹಡಿಯಲ್ಲೇ ಕೂರಿಸೋಣವೆಂದು ಅವರ ಯೋಚನೆ. ಕೋಣೆಯ ಉದ್ದಗಲವನ್ನು ಮೊಳದಲ್ಲಿ ಅಳೆದೂ ಬಿಟ್ಟರು. ನಾನು ಪ್ರಪಂಚದ ಸಂಪರ್ಕ, ವಿಜ್ಞಾನ, ದೇಶದೇಶಗಳ ಸ್ನೇಹ ಅಂತ ತೊದಲಿದೆ. ಮಾವ ನಿಧಾನವಾಗಿ ಕೇಳಿಸಿಕೊಂಡು, ನನ್ನನ್ನು ಕೂರಿಸಿಕೊಂಡು ತೀರ್ಪು ಕೊಟ್ಟರು.

"ನೋಡು ಶೀನ, ನಾನು ಅನ್ಯಾಯ ಮಾಡೋನಲ್ಲ. ಯುಗಾದಿ ಒಳಗೆ ಈ ಕೋಣೇಲಿ ಒಬ್ಬ ಹೊರದೇಶದೋನು ಮಾತಾಡಿದ್ದು ನನ್ನ ಕಿವೀಲಿ ಕೇಳಿಸ್ಲಿ, ಕೋಣೆ ನಿಂದೇ. ಇಲ್ಲಾಂದ್ರೆ ಚಕ್ರ ಬರ್ತದೆ. ಹೊಸಕೋಟೆಯೋನು ಲೆಕ್ಕಕ್ಕಿಲ್ಲ."

ನ್ಯಾಯವಾದ ಮಾತೇ. ಅದಕ್ಕೇ ಇನ್ನಷ್ಟು ಕಷ್ಟ. ಆ ಕೋಣೆ ಹೋದರೆ ನನಗೆ ಉಳಿಯುವುದು ಬೀದಿಯ ಜಗಲಿಯೊಂದೇ. ಅಲ್ಲಿ ಕೂತು ಬಂದವರೆಲ್ಲರ ಹತ್ತಿರ ಮಾತಾಡಬೇಕು. ರಾಜಣ್ಣನಿಗೆ ಗಾಳಿಯಲ್ಲೇ ದುಃಖ ತೋಡಿಕೊಂಡೆ. ಅವನು ಮಂಡಿ ಗಂಟಲಿನಲ್ಲಿ ಉಪಾಯ ಹೇಳಿದ. ಕತ್ತಲೆಯಲ್ಲಿ ಸೂಜಿ ಹುಡುಕಿದ ಹಾಗೆ ಗುಂಡಿ ತಿರುಗಿಸಿಕೊಂಡು ಕೂರಬೇಡ ಗುರು, ಎಲ್ಲಿ ಯಾರು ಮಾತಾಡ್ತಿದ್ದಾರೆ ಅಂತ ಕಣ್ಣಿಗೇ ಕಾಣೋ ಹಾಗೆ ಒಂದು ಪರದೆ ಮಾಡಿಕೋ ಅಂದ. ಪುಸ್ತಕದಲ್ಲಿ ಅದರ ಹೆಸರು ಸ್ಪೆಕ್ಟ್ರಮ್ ಡಿಸ್‌ಪ್ಲೇ. ನಾನು ಬೆಂಗಳೂರಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ, ಯಾವುದೋ ಕಾರ್ಖಾನೆಯವರು ಎಸೆದಿದ್ದ ಒಂದು ಆಸಿಲೋಸ್ಕೋಪು, ಅಂದರೆ ದುಂಡು ಗಾಜಿನ ಪರದೆಯ ಒಂದು ಪೆಟ್ಟಿಗೆ, ಹಿಡಿದುಕೊಂಡು ಬಂದೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರೆ ಪಕ್ಕದಲ್ಲಿದ್ದ ಅಜ್ಜಿ, ಆಸ್ಪತ್ರೆಯಿಂದ ತಂದದ್ದಾ, ಮನೇಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ವಿವರಿಸುವ ಧೈರ್ಯವಿಲ್ಲದೆ ಮಾವನಿಗೆ ಎಂದುಬಿಟ್ಟೆ. ಯಲಹಂಕ ದಾಟುವವರೆಗೂ ಆಕೆ ಮಾವನ ಎದೆನೋವಿಗೆ ಮದ್ದು ಹೇಳಿಕೊಟ್ಟರು.

ಶಿವರಾತ್ರಿ ಕಳೆಯುವ ಹೊತ್ತಿಗೆ ಪರದೆ ಸಿದ್ಧವಾಯಿತು. ಅದು ಕೆಲಸ ಮಾಡುವ ರೀತಿ ಬಹಳ ಸುಲಭ. ಹಸಿರು ಪರದೆಯ ಎಡದಿಂದ ಬಲಕ್ಕೆ ರೇಡಿಯೋ ತರಂಗಗಳ ಒಂದು ಹರವು. ಎಲ್ಲಿ ಯಾರೂ ಇಲ್ಲವೋ ಅಲ್ಲಿ ಗೆರೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಎಲ್ಲಿ ಒಬ್ಬ ಮಾತಾಡುತ್ತಿದ್ದಾನೋ ಅಲ್ಲಿ ಒಂದು ಮುಳ್ಳು ಎದ್ದು ನಿಲ್ಲುತ್ತದೆ. ಮುಳ್ಳು ಕಂಡ ಕಡೆಗೆ ಗುಂಡಿ ತಿರುಗಿಸಿದರೆ ಅವನ ಧ್ವನಿ. ಗದ್ದಲ ಇದ್ದರೆ ಅದು ನೆಲದ ಮೇಲೆ ಹುಲ್ಲು ಬೆಳೆದ ಹಾಗೆ ಕಾಣುತ್ತದೆ. ಇಷ್ಟನ್ನೂ ಮನೆಯವರಿಗೆ ವಿವರಿಸಿ, ದೀಪ ಆರಿಸಿ, ಸ್ವಿಚ್ಚು ಹಾಕಿದೆ. ಪರದೆಯ ತುಂಬ ಹುಲ್ಲು. ಮೇಲಿನ ಅಂಚಿನವರೆಗೂ ದಟ್ಟವಾದ ಹುಲ್ಲು. ಜಪಾನು, ಆಸ್ಟ್ರೇಲಿಯಾ ಎಲ್ಲ ಅದರೊಳಗೇ ಎಲ್ಲೋ ಮೇಯುತ್ತಿರಬೇಕು. ಮಾವ ಕನ್ನಡಕ ಹಾಕಿಕೊಂಡು ನೋಡಿ, ರಾಗಿ ಪೈರು ಚೆನ್ನಾಗಿ ಬಂದಿದೆ ಎಂದರು. ಎದುರು ಮನೆಯ ಚೌಡಪ್ಪನವರು ಇದರಲ್ಲಿ ಭಾನುವಾರದ ಸಿನಿಮಾ ಬರುವುದಿಲ್ಲವೇ ಎಂದು ಕೇಳಿ, ಇಲ್ಲವೆಂದ ಮೇಲೆ ನನ್ನ ಬೆನ್ನು ತಟ್ಟಿ ಸಮಾಧಾನ ಮಾಡಿದರು. ಸರೋಜ ಪರದೆಯ ಗಾಜನ್ನು ಸೆರಗಿನಿಂದ ಒರೆಸಿ ಹೋದಳು. ಧೂಳಿಗೆ ಹಾಗೆ ಕಾಣುತ್ತಿರಬಹುದೆಂದು ಅವಳ ಎಣಿಕೆ.

ಆದರೂ ನಾನು ದಿನಾ ಸಂಜೆ ಆ ಹುಲ್ಲನ್ನೇ ನೋಡುತ್ತ ಕೂರುತ್ತಿದ್ದೆ. ಹುಲ್ಲು ನೋಡಿ ನೋಡಿ ಅದರ ಗುಣವೆಲ್ಲ ಗೊತ್ತಾಗತೊಡಗಿತು. ಒಂದು ಸಂಜೆ ನೋಡುತ್ತಿರುವಾಗಲೇ ಹುಲ್ಲು ಸ್ವಲ್ಪ ಕುಗ್ಗಿತು. ಯಾರೋ ಕುಡುಗೋಲಿನಿಂದ ಒಂದು ಪದರ ಕೊಯ್ದ ಹಾಗೆ. ಸ್ವಲ್ಪ ಹೊತ್ತಿಗೆ ಮತ್ತೊಂದು ಪದರ. ಆಮೇಲೆ ಫಟ್ ಎಂದು ಕರೆಂಟೇ ಹೋಯಿತು. ಮರುದಿನವೂ ಹಾಗೇ: ಒಂದು ಪದರ, ಮತ್ತೊಂದು ಪದರ, ಕತ್ತಲೆ. ತಲೆಗೆ ಹೊಳೆಯಿತು. ಆಗಿನ ಕಾಲಕ್ಕೆ ಕರೆಂಟನ್ನು ಊರಿಗೆಲ್ಲ ಒಟ್ಟಿಗೆ ತೆಗೆಯುತ್ತಿರಲಿಲ್ಲ. ಒಂದು ಕಡೆಯಿಂದ ಬೀದಿ ಬೀದಿಯಾಗಿ ತೆಗೆದುಕೊಂಡು ಬರುತ್ತಿದ್ದರು. ಕೆರೆ ಕಡೆಯ ಬೀದಿಗಳ ಮಗ್ಗ ನಿಂತರೆ ಒಂದು ಪದರ ಹುಲ್ಲು ಹೋಯಿತು. ಬಸ್‌ಸ್ಟ್ಯಾಂಡಿನ ಕಡೆಯವು ನಿಂತರೆ ಇನ್ನೊಂದು. ಅದರ ಮುಂದಿನ ಸರದಿ ನಮ್ಮದು! ಮೂರನೇ ಸಂಜೆ ಎರಡನೇ ಪದರ ಹೋದದ್ದೇ ಪರದೆಯ ಮುಂದೆ ಊಟದ ತಟ್ಟೆ ಬಿಟ್ಟೆದ್ದು ಮೆಟ್ಟಿಲಲ್ಲಿ ನಿಂತು, ಮಾವಾ, ಈಗ ಕರೆಂಟು ಹೋಗ್ತದೆ ಎಂದೆ. ಹೋಯಿತು.

ಇದರ ಬೆಲೆ ನಿಮಗೆ ತಿಳಿಯಬೇಕಾದರೆ ಮಗ್ಗದ ಪಕ್ಕದಲ್ಲಿ ನಿಂತಿರಬೇಕು. ಮಗ್ಗ ಓಡುತ್ತಿರುವಾಗ ದಿಢೀರೆಂದು ಕರೆಂಟು ಹೋದರೆ, ಅತ್ತಿಂದಿತ್ತ ಹಾರುತ್ತಿರುವ ಲಾಳಿ ದಡ ಸೇರದೆ ಎಳೆಗಳ ನಡುವೆಯೇ ಸಿಕ್ಕಿಕೊಳ್ಳುತ್ತದೆ. ರೇಷ್ಮೆ ಎಳೆಗಳು ಪಟಪಟನೆ ಹರಿಯುತ್ತವೆ. ಒಂದೊಂದೇ ಎಳೆ ಹುಡುಕಿ ಗಂಟು ಹಾಕಿ ಕೂರುವಷ್ಟರಲ್ಲಿ ನೇಯುವವರ ಕಣ್ಣು ಬತ್ತಿಹೋಗುತ್ತದೆ, ಆಮೇಲೆ ಸೀರೆಯಲ್ಲಿ ಅದರ ಗುರುತು ಬೇರೆ. ಸ್ವಲ್ಪ ಮೊದಲೇ ಗೊತ್ತಾದರೆ ಲಾಳಿಯನ್ನು ದಡಕ್ಕೆ ತಂದು ಮಗ್ಗವನ್ನು ಮರ್ಯಾದೆಯಿಂದ ನಿಲ್ಲಿಸಬಹುದು. ಹಾಗಾಗಿ ಮೇಷ್ಟ್ರ ಹಸಿರು ಟೀವಿಯಲ್ಲಿ ಕರೆಂಟು ಹೋಗುವುದು ಮೊದಲೇ ಕಾಣುತ್ತದಂತೆ ಎಂಬ ಸುದ್ದಿ ಒಂದೇ ದಿನದಲ್ಲಿ ಬೀದಿಯ ತುದಿ ಮುಟ್ಟಿತು. ಚೌಡಪ್ಪನವರು ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಮಹಡಿಗೆ ಬಂದು, ನಮಗೂ ಹೇಳಬೇಕು ಎಂದು ಕೇಳಿಕೊಂಡರು. ಬೀದಿಯಲ್ಲಿ ನಿಂತು ಕೂಗಬೇಕು ಎಂದಾಗ ನಾನು ರೇಡಿಯೋದ ಹಿಂದೆ ಸರಿದುಕೊಂಡೆ. ಸರೋಜಳೇ ದಾರಿ ತೋರಿಸಿದಳು. ಮದುವೆಯಲ್ಲಿ ಸಾಸಲಿನ ನಮ್ಮಜ್ಜಿ ಕೊಟ್ಟಿದ್ದ ದೊಡ್ಡ ಹಿತ್ತಾಳೆ ಹರಿವಾಣ ತಂದು, ರೇಡಿಯೋ ಕೋಣೆಯ ಕಿಟಕಿಯ ಸರಳಿಗೆ ದಾರ ಕಟ್ಟಿ ನೇತುಹಾಕಿ, ಕಬ್ಬಿಣದ ಸೌಟಿನಿಂದ ಒಂದು ಬಾರಿಸಿದಳು. ಬೀದಿಯ ನಾಯಿಗಳೆಲ್ಲ ಎದ್ದು ಕೂತವು. ಮಗ್ಗದ ಸದ್ದನ್ನೂ ಮೀರಿ ಕೊನೇ ಮನೆಗೆ ಕೇಳಿಸಿತಂತೆ.

ಅಂದಿನಿಂದ ಹೀಗೇ ನಡೆಯಿತು. ಎರಡನೇ ಪದರ ಹುಲ್ಲು ಹೋದ ಕೂಡಲೇ ನಾನು ಹ್ಞೂಂ ಅನ್ನಬೇಕು, ಸರೋಜ ಹರಿವಾಣ ಬಾರಿಸಬೇಕು, ಬೀದಿಯ ಮಗ್ಗಗಳು ಒಂದೊಂದಾಗಿ ನಿಲ್ಲಬೇಕು, ಆಮೇಲೆ ಕರೆಂಟು ಹೋಗಬೇಕು. ಬೀದಿಯವರಿಗೆ ನನ್ನ ಮೇಲೆ ಎಲ್ಲಿಲ್ಲದ ಗೌರವ ಬಂತು. ಹಾಲಿಗೆ ಹೋದರೆ ಈಗ ವಿಚಾರಣೆ ಮೊದಲಿಗಿಂತ ಜಾಸ್ತಿ. ಮೇಷ್ಟ್ರೇ, ನಾಳೆ ಹೇಗಿದೆ? ಮೇಷ್ಟ್ರೇ, ಮದುವೆ ದಿನ ಕರೆಂಟು ಇರ್ತದಾ? ಚೌಡಪ್ಪನವರು ಒಂದು ದಿನ ಮೊಮ್ಮಗಳ ಜಾತಕ ತಂದಿದ್ದರು. ಮಾವ ಮಾತ್ರ ತೀರ್ಪು ಬದಲಿಸಲಿಲ್ಲ. ಪರದೆ ಚೆನ್ನಾಗಿದೆ, ಆದರೆ ಅದರಲ್ಲಿ ಕಾಣುತ್ತಿರುವುದು ಕೆರೆ ಬೀದಿ ಮತ್ತು ಬಸ್‌ಸ್ಟ್ಯಾಂಡು, ಅವೆರಡೂ ಹೊರದೇಶವಲ್ಲ ಎಂದರು. ವಾರ್ಪಿನ ಚಕ್ರಕ್ಕೆ ಬಡಗಿಗೆ ಹೇಳಿಯೂ ಆಗಿತ್ತು.

ಆದರೆ ಈ ಏರ್ಪಾಟಿನಲ್ಲಿ ನನಗೊಂದು ಲಾಭ ಸಿಕ್ಕಿತ್ತು. ಹರಿವಾಣಕ್ಕೂ ಕರೆಂಟು ಹೋಗುವುದಕ್ಕೂ ನಡುವೆ ಒಂದು ಚಿಕ್ಕ ಬಿಡುವು. ಮಗ್ಗಗಳು ನಿಂತಿವೆ, ಕರೆಂಟು ಇನ್ನೂ ಇದೆ! ಆ ಬಿಡುವಿನಲ್ಲಿ ಪರದೆಯ ಹುಲ್ಲೆಲ್ಲ ಮಾಯವಾಗಿ, ಸಗಣಿ ಸಾರಿಸಿದ ಅಂಗಳದಷ್ಟು ಚೊಕ್ಕವಾಗಿರುತ್ತಿತ್ತು. ಅದರ ಮೇಲೆ ಸಣ್ಣ ಸಣ್ಣ ಮುಳ್ಳುಗಳು, ಒಂದೊಂದೂ ಒಬ್ಬೊಬ್ಬ ದೂರದ ಮನುಷ್ಯ. ಮೊದಲ ಸಲ ನೋಡಿದಾಗ ನನಗೆ ಕಣ್ಣಲ್ಲಿ ನೀರೇ ಬಂತು. ಗುಂಡಿ ತಿರುಗಿಸಿ ಒಂದು ಮುಳ್ಳನ್ನು ಹಿಡಿಯುವಷ್ಟರಲ್ಲಿ ಫಟ್, ಕತ್ತಲೆ. ದಿನಾ ಇದೇ ಕಥೆ. ಸುಮ್ಮನೆ ಒಂದು ದಿನ ಹರಿವಾಣ ಬಾರಿಸಿಬಿಟ್ಟರೆ ಬೇಕಾದಷ್ಟು ಹೊತ್ತು ಬಿಡುವು ಸಿಗುತ್ತದಲ್ಲ ಎಂದು ಸರೋಜಳ ಹತ್ತಿರ ಮೆಲ್ಲಗೆ ಪ್ರಸ್ತಾಪ ಮಾಡಿದೆ. ಬೀದಿಯವರ ಕೆಲಸ ಕೆಡಿಸುವ ಯೋಚನೆಯಿದ್ದರೆ ಮೊದಲ ಏಟು ಹರಿವಾಣಕ್ಕಲ್ಲ ಎಂದು ಅವಳು ಸೌಟು ತಿರುಗಿಸಿದಳು. ಪ್ರಸ್ತಾಪ ಅಲ್ಲಿಗೇ ಬಿತ್ತು.

ಯುಗಾದಿ ಹತ್ತಿರ ಬಂತು. ಆಗ ರಾಜಣ್ಣ ಒಂದು ಸುದ್ದಿ ತಂದ. ಶಾಂತಸಾಗರದ ನಡುವೆ ಯಾವುದೋ ಒಂದು ದ್ವೀಪವಂತೆ, ತೆಂಗಿನಮರ ಮತ್ತು ಏಡಿಗಳನ್ನು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲವಂತೆ. ಕೆಲವರು ಹ್ಯಾಮುಗಳು ದೋಣಿಯಲ್ಲಿ ಸೆಟ್ಟು ಸಾಗಿಸಿಕೊಂಡು ಹೋಗಿ ಅಲ್ಲಿ ಕೂತಿದ್ದಾರಂತೆ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಅವರ ಧ್ವನಿ ನಮ್ಮ ಕಡೆಗೆ ಕೇಳುತ್ತದಂತೆ. ಇದಕ್ಕಿಂತ ಹೊರಗಿನ ಹೊರದೇಶ ನಿನಗೆ ಸಿಗಲ್ಲ ಕಣೋ, ಆದರೆ ಪ್ರಪಂಚದ ಹ್ಯಾಮುಗಳೆಲ್ಲ ಒಟ್ಟಿಗೆ ಅವರನ್ನೇ ಕೂಗುತ್ತಿರುತ್ತಾರೆ, ನಮ್ಮ ಮಂಡಿ ಹರಾಜಿನ ಹಾಗೆ, ಗಂಟಲಿದ್ದವನಿಗೆ ಮಾಲು ಎಂದ. ನನ್ನ ಗಂಟಲು ಎಂಥದೆಂದು ನಿಮಗೆ ಗೊತ್ತೇ ಇದೆ.

ಮರುದಿನ ಸಂಜೆ ಮಾವನನ್ನು ಕೈಹಿಡಿದು ಮಹಡಿಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಕಾಫಿಗೆ ಬಂದಿದ್ದ ಚೌಡಪ್ಪನವರೂ ಹಿಂದೆಯೇ ಬಂದರು. ಸರೋಜ ಸೌಟು ಹಿಡಿದು ಕಿಟಕಿಯ ಹತ್ತಿರ ನಿಂತಳು. ನನ್ನ ಎರಡೂ ಕೈ ಗುಂಡಿಗಳ ಮೇಲೆ. ಒಂದು ಕೈ ಪರದೆಗೆ, ಒಂದು ಕೈ ರೇಡಿಯೋಗೆ. ಮಾತಾಡುವಾಗ ಅದುಮಬೇಕಾದ ಸ್ವಿಚ್ಚಿಗೆ ಮೂರನೇ ಕೈ ಇಲ್ಲವಾದ್ದರಿಂದ, ಮೈಕಿನ ಮೇಲೆ ಸದ್ದು ಬಿದ್ದರೆ ಸೆಟ್ಟು ತಾನಾಗಿಯೇ ಪ್ರಸಾರ ಶುರುಮಾಡುವ ಒಂದು ಏರ್ಪಾಟಿತ್ತು, ಅದನ್ನು ಹಾಕಿಕೊಂಡೆ. ಬಾಯಿ ತೆರೆದರೆ ಸಾಕು, ಜಗತ್ತಿಗೆ ಕೇಳುತ್ತದೆ. ಬಹಳ ಬುದ್ಧಿವಂತಿಕೆಯ ಏರ್ಪಾಟು ಎಂದು ಮಾವನಿಗೂ ವಿವರಿಸಿದೆ.

ಹುಲ್ಲಿನ ಒಂದು ಪದರ ಹೋಯಿತು. ಇನ್ನೊಂದು ಹೋಯಿತು. ನಾನು ಹ್ಞೂಂ ಅಂದೆ. ಸರೋಜ ಹರಿವಾಣಕ್ಕೆ ನಾಲ್ಕು ಬಿಟ್ಟಳು. ಕೆಳಗೆ ನಮ್ಮ ಮಗ್ಗಗಳು ನಿಂತವು, ಎದುರು ಮನೆಯವು ನಿಂತವು, ಪರದೆ ಸಾರಿಸಿದ ಅಂಗಳವಾಯಿತು. ಅದರ ನಡುವೆ ಒಂದು ಸಣ್ಣ ಮುಳ್ಳು, ಅದರ ಪಕ್ಕದಲ್ಲಿ ಕತ್ತಾಳೆ ಬೇಲಿಯ ಹಾಗೆ ನೂರಾರು ಮುಳ್ಳುಗಳು ಗುಂಪುಗೂಡಿ ಕುಣಿಯುತ್ತಿದ್ದವು. ಸಣ್ಣ ಮುಳ್ಳೇ ದ್ವೀಪ, ಬೇಲಿಯೆಲ್ಲ ಅವನನ್ನು ಕೂಗುತ್ತಿರುವ ಜಗತ್ತು. ಗುಂಡಿ ತಿರುಗಿಸಿದೆ. ಸ್ಪೀಕರಿನಲ್ಲಿ ಸಮುದ್ರದ ಆಚೆಯ ಒಂದು ಧ್ವನಿ, ತೆಳ್ಳಗೆ, ಸ್ಪಷ್ಟವಾಗಿ! ಅವನು ಯಾರದೋ ಹೆಸರು ಕೇಳಿ, ನಮಸ್ಕಾರ ಹೇಳಿ, ಮುಂದಿನವರು ಬನ್ನಿ ಎಂದ. ನಾನು ಲೈಸೆನ್ಸಿನ ಜೊತೆ ಸರ್ಕಾರ ಕೊಟ್ಟಿದ್ದ ನನ್ನ ಕರೆಹೆಸರನ್ನು ಒದರಿದೆ. ಸರೋಜ ಹಿಂದಿನಿಂದ ಮತ್ತೆ ನಾಲ್ಕು ಬಾರಿಸಿದಳು. ಬೀದಿಯ ಕೊನೇ ಮನೆಯ ಮಗ್ಗ ಇನ್ನೂ ನಿಂತಿರಲಿಲ್ಲ. ನಾನು ಮತ್ತೆ ಒದರಿದೆ. ಅವಳು ಮತ್ತೆ ಬಾರಿಸಿದಳು.

ಆಗ ಆ ಧ್ವನಿ, ಎಲ್ಲರೂ ದಯವಿಟ್ಟು ನಿಲ್ಲಿಸಿ, "ಬೆಲ್ ಸ್ಟೇಷನ್, ಬೆಲ್ ಸ್ಟೇಷನ್ ಓನ್ಲಿ" ಎಂದಿತು. ಬೇಲಿಯೆಲ್ಲ ಒಮ್ಮೆಗೇ ನೆಲಕ್ಕೆ ಬಿತ್ತು. ಹ್ಯಾಮುಗಳು ಶಿಸ್ತಿನ ಜನ. ಕರೆದವನನ್ನು ಬಿಟ್ಟು ಬೇರೆ ಯಾರೂ ಉಸಿರೆತ್ತುವುದಿಲ್ಲ. ನಾನೂ ಶಿಸ್ತಿನವನೇ. ತುಟಿ ಬಿಗಿದುಕೊಂಡು ಕೂತೆ. ಯಾವನೋ ಪುಣ್ಯವಂತ, ಚರ್ಚಿನ ಪಕ್ಕದಲ್ಲಿ ಮನೆ ಇರಬೇಕು, ಗಂಟೆಯ ದೆಸೆಯಿಂದ ಗಿಟ್ಟಿಸಿಕೊಂಡ ಎಂದು ಹೊಟ್ಟೆ ಉರಿಯಿತು. ಅವನು ಉತ್ತರ ಕೊಡಲಿ ಎಂದು ಕಾದೆ. ಜಗತ್ತೆಲ್ಲ ಕಾಯಿತು. ಆ ಪುಣ್ಯವಂತನ ಸುಳಿವೇ ಇಲ್ಲ. ಎಂಥ ಅಯೋಗ್ಯನಪ್ಪಾ, ಕರೆದಾಗ ಮಾತಾಡಬಾರದೇ ಎಂದು ನಾನು ಗೊಣಗಿದೆ. ಆ ಗೊಣಗೂ ಪ್ರಸಾರವಾಯಿತೆಂದು ಆಮೇಲೆ ಹೊಳೆಯಿತು. ಧ್ವನಿ ಮತ್ತೆ ಕರೆಯಿತು. ಬೆಲ್ ಸ್ಟೇಷನ್, ನಿಮ್ಮ ಗಂಟೆ ಬಹಳ ಚೆನ್ನಾಗಿ ಕೇಳುತ್ತಿದೆ, ಹೆಸರು ಹೇಳಿ. ಅಷ್ಟರಲ್ಲಿ ಸರೋಜ ಕೊನೇ ಮನೆಗೆಂದು ಇನ್ನೆರಡು ಬಿಟ್ಟಳು. ಧ್ವನಿ ಕುಣಿದಾಡಿತು, ಹೌದು, ಹೌದು, ನೀವೇ ಎಂದಿತು.

ಸರೋಜ ಸೌಟು ಕೆಳಗಿಳಿಸಿದಳು. "ರೀ, ಅವನು ಬೆಲ್ಲು ಬೆಲ್ಲು ಅಂತಾವ್ನೆ. ನಮ್ಮ ಹರಿವಾಣಾನೇ ಕರೀತಿರಬೇಕು, ಸ್ವಲ್ಪ ನೋಡ್ರೀ."

ನಾನು ತೊದಲುತ್ತ ಕರೆಹೆಸರು ಹೇಳಿದೆ, ಇಂಡಿಯಾ ಎಂದೆ. ಅವನು ಬಹಳ ಸಂತೋಷಪಟ್ಟ. ನಿಮ್ಮ ಧ್ವನಿ ಕಷ್ಟಪಟ್ಟರೆ ಕೇಳುತ್ತದೆ, ಗಂಟೆ ಮಾತ್ರ ಪಕ್ಕದ ತೆಂಗಿನಮರದಿಂದ ಬಂದ ಹಾಗಿದೆ, ಇಡೀ ಗುಂಪಿನಲ್ಲಿ ಬೇರೆಯಾಗಿ ಕೇಳಿದ್ದು ಅದೊಂದೇ, ಬಾರಿಸಿದವರಿಗೆ ನನ್ನ ನಮಸ್ಕಾರ ಹೇಳಿ ಎಂದ. ಬಾರಿಸಿದವರ ಹೆಸರೇನು ಎಂದೂ ಕೇಳಿದ. ನಾನು ಸರೋಜ ಎಂದು ಹೇಳಿ, ನನ್ನ ಹೆಸರು ಹೇಳಲು ಬಾಯಿ ತೆರೆದೆ. ಫಟ್ ಎಂದು ಕರೆಂಟು ಹೋಯಿತು.

ಕತ್ತಲೆಯಲ್ಲಿ ಮಾವ ಕುರ್ಚಿಯಿಂದ ಎದ್ದ ಸದ್ದಾಯಿತು. ಹೊರದೇಶದವನು ಮಾತಾಡಿದ್ದು ಕಿವಿಯಲ್ಲಿ ಕೇಳಿದೆ, ಕೊಟ್ಟ ಮಾತಿಗೆ ತಪ್ಪುವವನಲ್ಲ, ಚಕ್ರವನ್ನು ಹಿತ್ತಲಲ್ಲೇ ಕೂರಿಸುತ್ತೇನೆ ಎಂದರು. ನಾನು ಅವರ ಕಾಲು ಹುಡುಕುತ್ತಿದ್ದೆ, ನಮಸ್ಕಾರ ಮಾಡೋಣವೆಂದು.

"ಆದ್ರೆ ಶೀನ, ಅವನು ಮಾತಾಡ್ಸಿದ್ದು ನಿನ್ನನ್ನಲ್ಲಪ್ಪಾ. ಕೋಣೆ ಸರೋಜಂಗೆ. ನೀನೂ ಕೂತ್ಕೋ, ಬೇಡ ಅನ್ನಲ್ಲ."

ಹೀಗೆ ನಾನು ನನ್ನ ಕೋಣೆಯಲ್ಲಿ ಬಾಡಿಗೆಗಿರುವವನಾದೆ. ಆ ವರ್ಷ ಆಯುಧಪೂಜೆಗೆ ಮಾವ ಮಗ್ಗಗಳಿಗೆಲ್ಲ ಕುಂಕುಮ ಇಟ್ಟು ಮಹಡಿಗೂ ಬಂದು, ಮೊದಲು ಹರಿವಾಣಕ್ಕೆ, ಆಮೇಲೆ ಸೌಟಿಗೆ, ಆಮೇಲೆ ಪರದೆಗೆ, ಉಳಿದಿದ್ದನ್ನು ರೇಡಿಯೋಗೆ ಇಟ್ಟರು. ರಾಜಣ್ಣ ಗಾಳಿಯಲ್ಲಿ ಸಿಕ್ಕರೆ ನನ್ನ ಕರೆಹೆಸರು ಬಿಟ್ಟು, ಹರಿವಾಣದ ಸ್ಟೇಷನ್ನು ಇದೆಯಾ ಎಂದು ಕೂಗುತ್ತಾನೆ. ಇದೆಲ್ಲ ಸಹಿಸಿಕೊಂಡೆ. ಒಳಗೊಳಗೇ ಮಾತ್ರ ಒಂದು ಹಟ ಬೆಳೆಯಿತು. ಹರಿವಾಣ ಬಾರಿಸಿದರೆ ದೂರದವರು ಕೇಳುತ್ತಾರೆ ಅಂತಾದರೆ, ಬಾರಿಸುವುದಕ್ಕೆ ಸರೋಜಳೇ ಯಾಕೆ ಆಗಬೇಕು? ನನಗೂ ಎರಡು ಕೈ ಇವೆಯಲ್ಲ!

ಕಾರ್ತಿಕದ ಒಂದು ಸಂಜೆ ಸರೋಜ ದೇವಸ್ಥಾನಕ್ಕೆ ಹೋಗಿದ್ದಳು. ಪರದೆಯ ತುಂಬ ಹುಲ್ಲು. ಆದರೂ ಆ ಹುಲ್ಲಿನ ತುದಿಯಲ್ಲಿ, ನಾನು ಪ್ರಮಾಣ ಮಾಡಿ ಹೇಳುತ್ತೇನೆ, ಒಂದು ಮುಳ್ಳು ಇಣುಕುತ್ತಿತ್ತು. ಯಾರೋ ದೂರದವನು, ಬಹುಶಃ ಇನ್ನೊಂದು ದ್ವೀಪ. ಕರೆದೆ, ಕೇಳಲಿಲ್ಲ. ಮತ್ತೆ ಕರೆದೆ. ಅವನು ಬೇರೆ ಯಾರಿಗೋ ಉತ್ತರ ಕೊಡುತ್ತಿದ್ದ. ತಡೆಯಲಾಗಲಿಲ್ಲ. ಸೌಟು ಹಿಡಿದು ಹರಿವಾಣಕ್ಕೆ ನನ್ನ ಶಕ್ತಿಯನ್ನೆಲ್ಲ ಹಾಕಿ ಬಾರಿಸಿದೆ. ಕಣ್ಣು ಪರದೆಯ ಮೇಲೇ ಇತ್ತು. ಆಶ್ಚರ್ಯವೆಂದರೆ, ಹುಲ್ಲು ಸರಸರನೆ ಇಳಿದು ಪರದೆ ಮುಕ್ಕಾಲು ಪಾಲು ಚೊಕ್ಕವಾಯಿತು. ಆಹಾ, ಗಾಳಿ ತೆರೆಯಿತು ಎಂದು ಖುಷಿಯಲ್ಲಿ ಇನ್ನಷ್ಟು ಬಾರಿಸಿದೆ. ದೂರದವನು ಉತ್ತರ ಕೊಡಲಿಲ್ಲ. ಕೆಳಗೆ ಮೆಟ್ಟಿಲಿನ ಮೇಲೆ ಹೆಜ್ಜೆಯ ಸದ್ದು ಕೇಳಿದಾಗಲೇ ನಾನು ಏನು ಮಾಡಿದ್ದೇನೆಂದು ನನಗೆ ಹೊಳೆದದ್ದು. ಬೀದಿಯಲ್ಲಿ ಒಂದು ಮಗ್ಗವೂ ಓಡುತ್ತಿರಲಿಲ್ಲ.

ಮೊದಲು ಬಂದವರು ಮಾವ. ಅವರ ಹಿಂದೆ ಚೌಡಪ್ಪನವರು. ಕರೆಂಟು ಇನ್ನೂ ಹೋಗಲಿಲ್ಲವಲ್ಲ ಮೇಷ್ಟ್ರೇ ಎಂದರು. ಹೋಗ್ತದೆ, ಈಗ ಹೋಗ್ತದೆ ಎಂದೆ. ಅವರ ಹಿಂದೆ 'ಹೌದಾ, ಈಗಲೇ ಹೋಗ್ತದಾ' ಎಂದುಕೊಂಡು ಇನ್ನೊಬ್ಬರು. ಕೋಣೆ ತುಂಬಿ ಮೆಟ್ಟಿಲು ತುಂಬಿ, ಉಳಿದವರು ಬೀದಿಯಲ್ಲಿ ನಿಂತರು. ನನ್ನನ್ನು ಜಗಲಿಗೆ ಕರೆತಂದು ಕೂರಿಸಿದರು. ನನ್ನ ಜೀವನದಲ್ಲಿ ಅಷ್ಟು ಭಕ್ತಿಯಿಂದ ಕತ್ತಲೆಯನ್ನು ಬೇಡಿಕೊಂಡಿದ್ದಿಲ್ಲ. ದಿನಾ ತಪ್ಪದೆ ಹೋಗುತ್ತಿದ್ದ ಕರೆಂಟು ಅವತ್ತು ಹೋಗಲೇ ಇಲ್ಲ. ಎದುರಿನ ಬೀದಿದೀಪ ಝಗಝಗ ಉರಿಯುತ್ತಿತ್ತು. ಬೀದಿಯ ಈ ತುದಿಯಿಂದ ಆ ತುದಿಯವರೆಗಿನ ಪ್ರತಿಯೊಬ್ಬರೂ ಒಬ್ಬರಾದ ಮೇಲೊಬ್ಬರು ಎದುರಿಗೆ ಬಂದು ನಿಂತು ನನ್ನನ್ನು ಮಾತಾಡಿಸಿದರು. ಎಲ್ಲರ ಧ್ವನಿಯೂ ಬಹಳ ಚೆನ್ನಾಗಿ ಕೇಳುತ್ತಿತ್ತು.